ಬಾನೆಟ್ ತೆರೆಯುವ ಮೊದಲು ಅಡಿ ನೋಡಿ

ಬೆಂಗಳೂರು, ಮೈಸೂರು ಕಡೆಯ ನನ್ನ ಸ್ನೇಹಿತರು ಹಳೆಯ ಪ್ರೀಮಿಯರ್ ಪದ್ಮಿನಿಯನ್ನೋ ಮೊದಲ ತಲೆಮಾರಿನ ಮಾರುತಿ 800 ಅನ್ನೋ ಮನೆಗೆ ತಂದಾಗ ಮೊದಲು ಮಾತಾಡುವುದು ಎಂಜಿನ್ನಿನ ಬಗ್ಗೆ, ಆಮೇಲೆ ಬಣ್ಣದ ಬಗ್ಗೆ. ಅದೇ ಕಾರು ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೋ ಪೆರ್ಲಕ್ಕೋ ಬಂದರೆ, ನೋಡಲು ಬಂದವರು ಬಾನೆಟ್ ಎತ್ತುವುದಿಲ್ಲ. ಪಂಚೆ ಎತ್ತಿ ಕಟ್ಟಿ ಕಾರಿನ ಅಡಿಗೆ ಬಗ್ಗುತ್ತಾರೆ. ಹಳೆಯ ಸಣ್ಣ ಕಾರನ್ನು ಮನೆಯಂಗಳದಲ್ಲೇ ಮತ್ತೆ ಓಡುವಂತೆ ಮಾಡಬೇಕೆಂದಿರುವವರಿಗೆ ಗಡಿಯ ಆಚೆಗಿನ ಕ್ರಮಕ್ಕಿಂತ ನಮ್ಮ ಕಡೆಯ ಈ ಕ್ರಮವೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅಡಿಯ ಕೆಲಸ ಮುಗಿದ ಮೇಲೆ ಎಂಜಿನ್ನಿನ ವಿಷಯದಲ್ಲಿ ನಾವು ತೋರಿಸುವ ಉದಾಸೀನವನ್ನು ನಾನು ಸಮರ್ಥಿಸಲಾರೆ.

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಮಳೆ ನಿಂತ ಮೇಲೆ ಕಡಲಿನ ಉಪ್ಪುಗಾಳಿ ತನ್ನ ಕೆಲಸ ಮುಂದುವರಿಸುತ್ತದೆ. ಜೊತೆಗೆ ಅಡಿಕೆ ತೋಟದವರ ಮನೆಗಳಲ್ಲಿ ಕಾರು ನಿಲ್ಲುವ ಶೆಡ್ಡಿನಲ್ಲೇ ಮೈಲುತುತ್ತಿನ ಚೀಲ, ಮದ್ದು ಬಿಡುವ ಪಂಪು, ಬ್ಯಾರೆಲ್ಲುಗಳೂ ಇರುತ್ತವೆ. ಮೈಲುತುತ್ತಿನ ನೀರು ಬಿದ್ದ ಕಬ್ಬಿಣದ ಮೇಲೆ ತಾಮ್ರ ಕೂತು ಕಬ್ಬಿಣ ಕರಗುತ್ತಾ ಹೋಗುತ್ತದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಕಾರನ್ನು ಆ ಬ್ಯಾರೆಲ್ಲಿನ ಪಕ್ಕದಲ್ಲಿ ನಿಲ್ಲಿಸುವಾಗ ಮಾತ್ರ ಯಾರಿಗೂ ಅದು ನೆನಪಾಗುವುದಿಲ್ಲ.

ಇಲ್ಲಿನ ಹಳಬರಿಗೆ ಜೀಪಿನ ಅನುಭವ ಹೆಚ್ಚು, ಮತ್ತು ಆ ಅನುಭವ ಕಾರಿನ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಜೀಪಿನ ಭಾರವನ್ನೆಲ್ಲ ಹೊರುವುದು ಕೆಳಗಿನ ಚಾಸಿಸ್ ಎಂಬ ಗಟ್ಟಿ ಚೌಕಟ್ಟು. ಮೇಲಿನ ತಗಡು ತೂತಾದರೂ ಗಾಡಿ ಗಟ್ಟಿಯಾಗಿಯೇ ಇರುತ್ತದೆ. ಪದ್ಮಿನಿಗಾಗಲಿ ಮಾರುತಿ 800ಕ್ಕಾಗಲಿ ಬೇರೆ ಚಾಸಿಸ್ ಇಲ್ಲ. ನಮ್ಮ ವರ್ಕ್‌ಶಾಪಿನವರು ಪ್ಲಾಟ್‌ಫಾರ್ಮ್ ಎಂದು ಕರೆಯುವ ಅಡಿಯ ತಗಡು ಮತ್ತು ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಅಂಚು, ಇವೇ ಆ ಕಾರಿನ ಬೆನ್ನೆಲುಬು. ಅದು ತುಕ್ಕು ಹಿಡಿದಿರುವಾಗ ಮೇಲೆ ಪುಟ್ಟಿ ಬಳಿದು ಬಣ್ಣ ಹೊಡೆಸಿದರೆ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ. ಹಾಗೆ ಹೊಳೆಯುತ್ತಿದ್ದ ಒಂದು ಪದ್ಮಿನಿಯ ನೆಲಹಾಸು ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿ ನೋಡಿದ ತಗಡಿನ ಕೆಲಸ ಮಾಡುವ ನಮ್ಮೂರ ಟಿಂಕರ್, "ಮಾಸ್ಟ್ರೇ, ಮೇಲೆ ಪೈಂಟು ಚಂದ ಉಂಟು, ಅಡಿಯಲ್ಲಿ ಪೈಂಟು ಮಾತ್ರ ಉಂಟು" ಎಂದಿದ್ದರು.

ತಗಡು ಕತ್ತರಿಸುವುದಕ್ಕೂ ಒಂದು ಕ್ರಮವಿದೆ. ಎರಡೂ ಬದಿಯ ಅಂಚುಗಳನ್ನು ಒಟ್ಟಿಗೆ ಕತ್ತರಿಸಿದರೆ ಕಾರು ನಡುವಿನಲ್ಲಿ ಜಗ್ಗಿ, ಆಮೇಲೆ ಬಾಗಿಲು ಹಾಕಿದರೆ ಕೂರುವುದಿಲ್ಲ. ಆದ್ದರಿಂದ ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಬೇಕು. ಒಂದು ಮಿಲಿಮೀಟರಿನ ಆಚೀಚೆ ದಪ್ಪದ ಈ ತಗಡಿಗೆ ಗೇಟು, ಗ್ರಿಲ್ಲು ಮಾಡುವವರ ಆರ್ಕ್ ವೆಲ್ಡಿಂಗ್ ಆಗದು, ತೂತು ಬೀಳುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲ ಬಳಸುವ ಸಿಓಟು ವೆಲ್ಡಿಂಗ್ ಇರುವವರನ್ನೇ ಮನೆಗೆ ಕರೆಸಬೇಕು. ವೆಲ್ಡಿಂಗಿಗೆ ಮೊದಲು ಬ್ಯಾಟರಿಯನ್ನು, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರ ಇಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬರೀ ರೆಡ್ ಆಕ್ಸೈಡ್ ಬಳಿದು ಮಳೆಗಾಲ ದಾಟಿಸುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದು ತೇವವನ್ನು ಪೂರ್ತಿ ತಡೆಯುವುದಿಲ್ಲ. ಎಪಾಕ್ಸಿ ಪ್ರೈಮರ್ ಹೊಡೆದು, ಪೆಟ್ಟಿಗೆಯಂಥ ಅಂಚಿನ ಪೊಳ್ಳಿನೊಳಗೆ ಮೇಣದ ದ್ರಾವಣ ಸಿಂಪಡಿಸಿ, ಬಾಗಿಲುಗಳ ತಳದಲ್ಲಿರುವ ನೀರು ಹೋಗುವ ರಂಧ್ರಗಳನ್ನು ತೆರೆದಿಡುವುದು ಹೆಚ್ಚು ಬಾಳುತ್ತದೆ.

ಇಷ್ಟೆಲ್ಲ ಬೇಡವೆನ್ನುವವರು ಚಿತ್ರದುರ್ಗ, ದಾವಣಗೆರೆ ಕಡೆಯ ಕಾರು ಹುಡುಕುವುದು ಲೇಸು. ಬಯಲುಸೀಮೆಯ ಕಾರಿನಲ್ಲಿ ಬಿಸಿಲಿಗೆ ರಬ್ಬರುಗಳು ಬಿರಿದಿರುತ್ತವೆ, ಧೂಳಿಗೆ ಎಂಜಿನ್ ಸವೆದಿರುತ್ತದೆ; ಆದರೆ ತಗಡು ಗಟ್ಟಿ. ರಬ್ಬರು, ಪಿಸ್ಟನ್ನುಗಳಿಗೆ ಬದಲಿ ಸಿಗುತ್ತದೆ, ಪ್ಲಾಟ್‌ಫಾರ್ಮಿಗೆ ಸುಲಭವಾಗಿ ಸಿಗುವುದಿಲ್ಲ.

ಇನ್ನು ಎಂಜಿನ್ನಿನ ಮಾತು. ಇಲ್ಲಿ ಬೆಂಗಳೂರಿನವರ ಶ್ರದ್ಧೆಯನ್ನು ಮೆಚ್ಚಲೇಬೇಕು. ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿ ಕೈಗೆಟಕುವಲ್ಲಿ ಇರುವುದರಿಂದಲೋ ಏನೋ, ಅವರು ಎಂಜಿನ್ನಿನ ಪ್ರತಿಯೊಂದು ಅಳತೆಯನ್ನೂ ಬರೆದಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಕಾರು ಜರ್ಕು ಹೊಡೆದರೆ ಎಲ್ಲರೂ ನೇರವಾಗಿ, ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತಾರೆ, ಅದು ತಿರುಗಿಸಲು ಸುಲಭವೆಂಬ ಒಂದೇ ಕಾರಣಕ್ಕೆ. ಪದ್ಮಿನಿಯ 1089 ಸಿಸಿ ಎಂಜಿನ್ನಿಗಾಗಲಿ ಮಾರುತಿಯ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿಗಾಗಲಿ ಕವಾಟಗಳನ್ನು ಒತ್ತುವ ಟ್ಯಾಪೆಟ್ಟಿನ ಸಂದು ಮೊದಲು, ಆಮೇಲೆ ಕಿಡಿಗಾಗಿ ವಿದ್ಯುತ್ತನ್ನು ಕಡಿಯುವ ಪಾಯಿಂಟಿನ ಸಂದು, ಆಮೇಲೆ ಟೈಮಿಂಗ್, ಎಂದರೆ ಕಿಡಿ ಹಾರುವ ಕ್ಷಣ. ಕಾರ್ಬ್ಯುರೇಟರಿನ ಸರದಿ ಕೊನೆಯದು. ಪಾಯಿಂಟ್ ಇರುವ ಕಾರಿನ ಟೈಮಿಂಗ್ ನೋಡಲು ದುಬಾರಿ ಉಪಕರಣ ಬೇಡ. 12 ವೋಲ್ಟಿನ ಸಣ್ಣ ಬಲ್ಬಿನ ಒಂದು ತಂತಿಯನ್ನು ಕಿಡಿಯ ವಿದ್ಯುತ್ ಹುಟ್ಟಿಸುವ ಕಾಯಿಲಿನಿಂದ ಅದನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯ ತುದಿಗೂ (ದಪ್ಪ ತಂತಿಗಲ್ಲ) ಇನ್ನೊಂದನ್ನು ಬಾಡಿಗೂ ಕೊಟ್ಟು, ಕೀಲಿ ಆನ್ ಮಾಡಿ, ಎಂಜಿನ್ನನ್ನು ಕೈಯಿಂದ ನಿಧಾನಕ್ಕೆ ತಿರುಗಿಸಬೇಕು. ಪಾಯಿಂಟ್ ಬಿಡಿಸಿಕೊಳ್ಳುವ ಕ್ಷಣಕ್ಕೆ ಬಲ್ಬು ಹೊತ್ತುತ್ತದೆ. ಆಗ ಟೈಮಿಂಗ್ ಗುರುತು ಎಲ್ಲಿದೆ ಎಂದು ನೋಡಿದರಾಯಿತು. ಕಾರ್ಬ್ಯುರೇಟರ್ ಹೊಂದಿಸಲು ಹೊಗೆ ತಪಾಸಣೆ ಕೇಂದ್ರಕ್ಕಿಂತ ಅಗ್ಗದ ಪ್ರಯೋಗಶಾಲೆ ಇಲ್ಲ: ಇಂಥ ಹಳೆಯ ಪೆಟ್ರೋಲ್ ಕಾರುಗಳಿಗೆ ಕಾರ್ಬನ್ ಮೊನಾಕ್ಸೈಡಿನ ಮಿತಿ ಶೇ. 3, ಪರದೆಯಲ್ಲಿ ಆ ಅಂಕಿ ನೋಡುತ್ತಾ ಸ್ಕ್ರೂ ತಿರುಗಿಸಲು ಅಲ್ಲಿಯ ಹುಡುಗ ಒಪ್ಪಿದರೆ, ಕಿವಿಯಿಂದ ಅಂದಾಜು ಮಾಡುವ ಕಷ್ಟ ತಪ್ಪುತ್ತದೆ.

ಎಥೆನಾಲ್ ಸೇರಿಸಿದ ಪೆಟ್ರೋಲಿನ ಬಗ್ಗೆ ಎರಡೂ ಕಡೆಯವರು ಗೊಣಗುತ್ತಾರೆ, ಲೆಕ್ಕ ಹಾಕುವವರು ಕಡಿಮೆ. ಬರೀ ಪೆಟ್ರೋಲಿನ ಒಂದು ಭಾಗಕ್ಕೆ ತೂಕದಲ್ಲಿ 14.7 ಭಾಗ ಗಾಳಿ ಬೇಕಾದರೆ, ಶೇ. 20 ಎಥೆನಾಲ್ ಇರುವ ಪೆಟ್ರೋಲಿಗೆ ಸುಮಾರು 13.5 ಭಾಗ ಸಾಕು. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು; ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟು ಹಳೆಯದೇ ಆಗಿದ್ದರೆ ಕಾರಿಗೆ ಈಗ ಇಂಧನ ಸಾಲದು. ಪ್ಲಗ್ ಬೆಳ್ಳಗಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಮೈನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡಿ, ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ತಾಳುವ ಪೈಪುಗಳಿಗೆ ಬದಲಾಯಿಸುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಎಥೆನಾಲ್ ನೀರನ್ನು ಹೀರುವುದರಿಂದ, ಮಳೆಗಾಲವಿಡೀ ಕಾರನ್ನು ಶೆಡ್ಡಿನಲ್ಲೇ ನಿಲ್ಲಿಸುವ ನಮ್ಮ ಕಡೆಯ ರೂಢಿಗೂ ಈ ಪೆಟ್ರೋಲಿಗೂ ಹೊಂದಿಕೆಯಾಗದು.

ಬೆಂಗಳೂರಿನ ಮಿತ್ರರೊಡನೆ ನನಗೆ ನಿಜವಾದ ಭಿನ್ನಾಭಿಪ್ರಾಯವಿರುವುದು ಶಕ್ತಿ ಹೆಚ್ಚಿಸುವ ವಿಷಯದಲ್ಲಿ. ಜೋಡಿ ಕಾರ್ಬ್ಯುರೇಟರ್, ಗದ್ದಲದ ಸೈಲೆನ್ಸರ್, ಬೇರೆ ಕಾರಿನ ಎಂಜಿನ್, ಇವುಗಳಿಗೆಲ್ಲ ಪದ್ಮಿನಿಯ ಡ್ರಮ್ ಬ್ರೇಕು ತಕ್ಕದ್ದಲ್ಲ. ಕಾನೂನೂ ಒಪ್ಪುವುದಿಲ್ಲ. ಮೋಟಾರು ವಾಹನ ಕಾಯ್ದೆ ಎರಡು ರಾಜ್ಯಗಳಿಗೂ ಒಂದೇ ಆದರೂ ಕೇರಳದ ಮೋಟಾರು ವಾಹನ ಇಲಾಖೆಯವರ ಕಣ್ಣು ಈ ವಿಷಯದಲ್ಲಿ ಹೆಚ್ಚು ಚುರುಕು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದೂ ಕೇರಳದಿಂದ ಹೋದ ಪ್ರಕರಣದಲ್ಲಿಯೇ. ಬಿಡಿಭಾಗಕ್ಕೆ ತಲಪಾಡಿ ದಾಟಿ ಮಂಗಳೂರಿಗೆ, ಕಾಗದಪತ್ರಕ್ಕೆ ಕಾಸರಗೋಡಿಗೆ ಹೋಗುವ ನಮ್ಮಂಥವರು ಇದನ್ನು ಮರೆಯಲಾಗದು.

ಮೊದಮೊದಲ ಪದ್ಮಿನಿಗಳಿಗೆ ಈಗ 50 ವರ್ಷ ತುಂಬಿದೆ. 2021ರ ನಿಯಮದಂತೆ 20,000 ರೂಪಾಯಿ ಕಟ್ಟಿ ಅವುಗಳನ್ನು ವಿಂಟೇಜ್ ಎಂದು ನೋಂದಾಯಿಸಿಕೊಳ್ಳಬಹುದು, ಮೂಲ ರೂಪ ಉಳಿದಿದ್ದರೆ ಮಾತ್ರ. ಬೆಂಗಳೂರಿನ ಕೆಲವರಿಗೆ ಆ ವಿಂಟೇಜ್ ನಂಬರ್ ಫಲಕದ ಮೇಲೆ ಆಸೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು, ದುರಸ್ತಿಗೆ ಒಯ್ಯಬಹುದೇ ಹೊರತು ದಿನಬಳಕೆಗೆ ಓಡಿಸುವಂತಿಲ್ಲ. ಬದಿಯಡ್ಕ ಪೇಟೆಯಿಂದ ಒಂದು ಚೀಲ ಹಿಂಡಿ ತರಲಾಗದ ಕಾರು ನನಗೆ ಬೇಡ. ಐದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ಸಾಮಾನ್ಯ ನೋಂದಣಿಯನ್ನೇ ನವೀಕರಿಸುವುದು ನನ್ನ ಆಯ್ಕೆ.