ಹಿಡಿಯೋದು ಹೈದರಾಬಾದಿನಾಗ, ಕಾಯಬೇಕಾದದ್ದು ಯಾದಗಿರಿಯಾಗ

ಹೈದರಾಬಾದಿನಲ್ಲಿ ಜನವರಿ ಬಂದರೆ ‘ಆಪರೇಷನ್ ಸ್ಮೈಲ್’, ಜುಲೈ ಬಂದರೆ ‘ಆಪರೇಷನ್ ಮುಸ್ಕಾನ್’. ಕಾಣೆಯಾದ, ದುಡಿಮೆಗೆ ಸಿಕ್ಕ ಮಕ್ಕಳನ್ನು ಹುಡುಕಿ ಬಿಡಿಸಲು 2015ರಲ್ಲಿ ಕೇಂದ್ರ ಗೃಹ ಸಚಿವಾಲಯ ಇಡೀ ದೇಶಕ್ಕೆ ಹೇಳಿದ ಅಭಿಯಾನಗಳಿವು. ತೆಲಂಗಾಣದವರು ಪಟ್ಟುಹಿಡಿದು ನಡೆಸಿಕೊಂಡು ಬಂದಿದ್ದಾರೆ. ಆ ತಿಂಗಳು ಪೊಲೀಸರು, ಕಾರ್ಮಿಕ ಇಲಾಖೆಯವರು, ಮಕ್ಕಳ ರಕ್ಷಣಾ ಘಟಕದವರು, ಸ್ವಯಂಸೇವಾ ಸಂಸ್ಥೆಯವರು ಒಟ್ಟಿಗೇ ಹೊರಡುತ್ತಾರೆ. ಇಟ್ಟಿಗೆ ಭಟ್ಟಿ, ಹಳೇ ಪಟ್ಟಣದ ಬಳೆ ಕಾರ್ಖಾನೆ, ಪಂಕ್ಚರ್ ಅಂಗಡಿ, ಸಿಗ್ನಲ್ಲು ಎಲ್ಲಾ ಸುತ್ತುತ್ತಾರೆ. ಮಕ್ಕಳು ಸಿಗುತ್ತಾರೆ, ಪೇಪರಿನಲ್ಲಿ ಲೆಕ್ಕ ಬರುತ್ತದೆ. ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನವನು, ಹೊಟ್ಟೆಪಾಡು ಇಲ್ಲಿ. ಆ ಲೆಕ್ಕ ಓದಿದಾಗೆಲ್ಲ ಅನಿಸುವುದು ಇಷ್ಟೇ: ಇದರಲ್ಲಿ ನಮ್ಮ ಕಡೆಯ ಮಕ್ಕಳೆಷ್ಟು? ಅವರು ಊರು ಬಿಟ್ಟ ದಿನ ಯಾರೂ ನೋಡಲೇ ಇಲ್ಲವಾ?

ನೋಡಿರುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ.

ದಸರೆ, ದೀಪಾವಳಿ ಮುಗಿಯುತ್ತಿದ್ದಂತೆ ನಮ್ಮೂರ ಕ್ರಾಸಿನಲ್ಲಿ ನಸುಕಿಗೇ ಟೆಂಪೊ ಬಂದು ನಿಲ್ಲುತ್ತದೆ. ಮೇಲೆ ಜೋಳದ ಚೀಲ, ಪ್ಲಾಸ್ಟಿಕ್ ಕೊಡ, ಸುತ್ತಿಟ್ಟ ತಾಡಪಾಲು, ಕಾಲು ಕಟ್ಟಿದ ಎರಡು ಕೋಳಿ. ಒಳಗೆ ಗಂಡ-ಹೆಂಡತಿ, ಕೂಸು, ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟ ಹುಡುಗಿ. ಚಹಾದಂಗಡಿ ಕಾಕಾ ಕೇಳುತ್ತಾನೆ, “ಈ ಸಲ ಎಲ್ಲಿಗ್ಯೋ ತಮ್ಮಾ?” “ಮುಕಾದಮಗ ಗೊತ್ತದ ಕಾಕಾ, ನಮಗೇನ್ ಗೊತ್ತದ.” ಮುಕಾದಮ ಎಂದರೆ ಕೂಲಿಯವರನ್ನು ಕೂಡಿಸಿ ಒಯ್ಯುವ ಮೇಸ್ತ್ರಿ. ಕಾಕಾ ತಲೆಯಾಡಿಸಿ ಇನ್ನೊಬ್ಬರಿಗೆ ಚಹಾ ಸೋಸುತ್ತಾನೆ. ಅಲ್ಲಿ ನಿಂತ ಯಾರಿಗೂ ಇದು ಮಾನವ ಕಳ್ಳಸಾಗಣೆ ಇರಬಹುದು ಅನಿಸುವುದಿಲ್ಲ, ಗುಳೆ ಅನಿಸುತ್ತದೆ. ಹೆಚ್ಚಿನ ಸಲ ಅದು ಗುಳೆಯೇ, ದುಡಿದು ತಿನ್ನಲು ಹೋಗುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಕೆಲವು ಸಲ ಅಲ್ಲ. ಯಾವುದು ಯಾವುದೆಂದು ತಿಳಿಯಲು ನಮ್ಮೂರಲ್ಲಿ ದಾರಿಯೇ ಇಲ್ಲ.

ಗುಟ್ಟು ಇರುವುದು ಉಚಲ್ ಹಣದಲ್ಲಿ. ಮಳೆಗಾಲದಲ್ಲಿ ಕೈಯಲ್ಲಿ ಕಾಸಿಲ್ಲದಾಗ ಮುಕಾದಮ ಗಂಡ-ಹೆಂಡತಿ ಜೋಡಿಗೆ ಇಷ್ಟು ಅಂತ ಅಡ್ವಾನ್ಸ್ ಕೊಡುತ್ತಾನೆ. ಅದು ಅಕ್ಕನ ಮದುವೆಗೋ ದವಾಖಾನೆಗೋ ಅವತ್ತೇ ಮುಗಿದಿರುತ್ತದೆ. ಆಮೇಲೆ ಕಬ್ಬಿನ ಗದ್ದೆಯಲ್ಲೋ ಭಟ್ಟಿಯಲ್ಲೋ ದುಡಿದು ಮುಟ್ಟಿಸಬೇಕು. ಲೆಕ್ಕದ ಪುಸ್ತಕ ಅವನ ಹತ್ತಿರ. ಜ್ವರ ಬಂದು ಮಲಗಿದ ದಿನ ಕಡಿತ, ಕಿರಾಣಿ ಸಾಮಾನು ಕಡಿತ, ಹಂಗಾಮಿನ ಕೊನೆಗೆ ಸಾಲ ಉಳಿದರೆ ಮುಂದಿನ ವರ್ಷಕ್ಕೆ ಜಮೆ. ಸಾಲ ತೀರುವ ತನಕ ಹೋಗುವಂತಿಲ್ಲ ಎಂದರೆ ಅದು ಜೀತವೇ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಹೇಳುವುದೂ ಅದನ್ನೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. “ಅವರೇ ಒಪ್ಪಿ ಬಂದಾರ್ರೀ” ಎನ್ನುವ ಮುಕಾದಮನ ಮಾತೂ ನಿಲ್ಲುವುದಿಲ್ಲ. ಆಸೆ ತೋರಿಸಿಯೋ ಮೋಸದಿಂದಲೋ ಒಯ್ದು ಶೋಷಿಸಿದ್ದರೆ ಹಾಗೆ ಹೋದವರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದು 2013ರಲ್ಲಿ ತಿದ್ದಿದ ಐಪಿಸಿ 370ರಲ್ಲಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 143ರಲ್ಲಿದೆ.

ಹೈದರಾಬಾದಿನವರ ರೀತಿ ನನಗೆ ಮೆಚ್ಚುಗೆ ಒಂದು ಕಾರಣಕ್ಕೆ. ಇಲಾಖೆಗಳು ಒಂದೇ ಗಾಡಿಯಲ್ಲಿ ಕೂತರೆ “ಅದು ನಮ್ಮ ಇಲಾಖೆಗೆ ಬರೋದಿಲ್ಲ” ಎನ್ನಲು ಆಗುವುದಿಲ್ಲ. ಆದರೆ ಅವರ ಕೆಲಸ ಶುರುವಾಗುವಾಗಲೇ ನಮ್ಮ ಹುಡುಗ ಭಟ್ಟಿಯಲ್ಲಿ ಎರಡು ತಿಂಗಳು ಕಳೆದಿರುತ್ತಾನೆ. ತಿಂಗಳ ಅಭಿಯಾನ ಮುಗಿದ ಮೇಲೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಊರಿಗೆ ಕಳಿಸುತ್ತಾರೆ. ಊರಲ್ಲಿ ಅದೇ ಸಾಲ, ಅದೇ ಮುಕಾದಮ. ಮುಂದಿನ ದೀಪಾವಳಿಗೆ ಅದೇ ಕ್ರಾಸ್. ಹಿಡಿದದ್ದನ್ನೇ ಮತ್ತೆ ಹಿಡಿಯುವ ಈ ಕೆಲಸವನ್ನು ಯಶಸ್ಸು ಎಂದು ಬರೆದುಕೊಳ್ಳುವುದು ನನಗೆ ಸರಿಬರುವುದಿಲ್ಲ.

ಮಹಾರಾಷ್ಟ್ರದವರು ಬೇರೆ ತುದಿಯಿಂದ ಹಿಡಿದಿದ್ದಾರೆ. ಕಬ್ಬು ಕಡಿಯಲು ಹೋಗುವವರಿಗೆ ಗ್ರಾಮಸೇವಕನ ಕಡೆಯಿಂದ ಗುರುತಿನ ಚೀಟಿ, ಅವರ ಮಕ್ಕಳು ಊರಲ್ಲೇ ಉಳಿದು ಓದಲು ಹಂಗಾಮಿನ ಹಾಸ್ಟೆಲ್. ಎಲ್ಲಾ ಕಡೆ ಚೆನ್ನಾಗಿ ನಡೆಯುತ್ತದೆ ಎಂದು ಹೇಳಲಾರೆ. ಆದರೂ ಹೋಗುವವರನ್ನು ಹೋಗುವ ಮೊದಲೇ ಎಣಿಸಬೇಕು ಎಂಬ ವಿಚಾರವಾದರೂ ಅಲ್ಲಿದೆ.

ನಮ್ಮಲ್ಲಿ ಸಮಿತಿಗಳಿಗೇನೂ ಬರವಿಲ್ಲ. 1976ರ ಕಾಯ್ದೆಯಲ್ಲೇ ಜಿಲ್ಲೆಗೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇದೆ. ಅದರಲ್ಲಿ ಪರಿಶಿಷ್ಟ ಜಾತಿ, ಪಂಗಡದ ಮೂವರು, ಸಮಾಜ ಸೇವಕರು ಇಬ್ಬರು ಕೂರಬೇಕು ಎಂದು ಬರೆದಿದೆ. ಗ್ರಾಮ ಪಂಚಾಯಿತಿಯಲ್ಲಿ ಮಹಿಳೆಯರ ಮತ್ತು ಮಕ್ಕಳ ಸಾಗಾಣಿಕೆ ತಡೆಗೆ ಕಾವಲು ಸಮಿತಿ, ಊರಿಗೆ ಮಕ್ಕಳ ರಕ್ಷಣಾ ಸಮಿತಿ, ಶಾಲೆಗೆ ಎಸ್‌ಡಿಎಂಸಿ ಎಂಬ ಶಾಲಾಭಿವೃದ್ಧಿ ಸಮಿತಿ. ನಮ್ಮ ಕಡೆ ಇವುಗಳ ಸಭೆ ಸಾಮಾನ್ಯವಾಗಿ ನಡೆಯುವುದು ಸಹಿ ಪುಸ್ತಕದಲ್ಲಿ. ಹೆಸರು ಕೊಟ್ಟವರನ್ನು ಕೇಳಿದರೆ ಯಾವ ಸಮಿತಿಯಲ್ಲಿ ಇದ್ದೇವೆ ಎಂಬುದೇ ಅವರಿಗೆ ನೆನಪಿರುವುದಿಲ್ಲ.

ಇನ್ನೊಂದು ಮಾತು ಸ್ವಲ್ಪ ಕಹಿ. ‘ಸಮುದಾಯ’ ಎಂದ ಕೂಡಲೇ ಒಳ್ಳೆಯವರ ಗುಂಪು ಎಂದು ಭಾಷಣದಲ್ಲಿ ಹೇಳುತ್ತಾರೆ. ಮುಕಾದಮ ಹೊರಗಿನವನಲ್ಲ, ನಮ್ಮ ಸೋದರಮಾವನೇ ಇರುತ್ತಾನೆ. ಲಂಬಾಣಿಗರ ತಾಂಡಾದಲ್ಲಿ ಹಿರಿಯರಾದ ನಾಯಕ, ಕಾರಭಾರಿಗೆ ತಿಳಿಯದೆ ಒಂದು ಮದುವೆಯೂ ಆಗುವುದಿಲ್ಲ. ಹಾಗಿದ್ದ ಮೇಲೆ ಹದಿನಾಲ್ಕರ ಹುಡುಗಿಯನ್ನು “ಮನೆಗೆಲಸಕ್ಕ” ಎಂದು ಪುಣೆಗೆ ಒಯ್ದದ್ದು ಅವರಿಗೆ ತಿಳಿಯದೇ? ದೇವರಿಗೆ ಬಿಡುವ ಶಾಸ್ತ್ರಕ್ಕೂ ಊರೇ ನೆರೆಯುತ್ತಿತ್ತು. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಪಾಲ್ಗೊಂಡವರನ್ನೂ ಅಪರಾಧಿ ಮಾಡಿದ್ದು ಅದಕ್ಕೇ. ಆ ವಿಷಯದಲ್ಲಿ ಊರು ಬಾಯಿ ಬಿಡುವಂತೆ ಮಾಡಿದವರಲ್ಲಿ ಮಾಜಿ ದೇವದಾಸಿ ಹೆಣ್ಣುಮಕ್ಕಳೇ ಮುಂದೆ ಇದ್ದರು. ಕಾವಲು ಸಮಿತಿಗೂ ಅಂಥವರೇ ಬೇಕು. ಭಟ್ಟಿಯಿಂದ ತಪ್ಪಿಸಿಕೊಂಡು ಬಂದವನಿಗೆ ಮುಕಾದಮನ ಲೆಕ್ಕ ಒಂದೇ ನೋಟಕ್ಕೆ ತಿಳಿಯುತ್ತದೆ, ಪಂಚಾಯಿತಿ ಅಧಿಕಾರಿ ಪಿಡಿಒ ಸಾಹೇಬರಿಗೆ ತಿಳಿಯುವುದಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ದಸರೆಯೊಳಗೆ ಪ್ರತಿ ಪಂಚಾಯಿತಿಯಲ್ಲಿ ಒಂದು ಗುಳೆ ರಿಜಿಸ್ಟರ್ ತೆರೆಯಲಿ. ಯಾರು, ಯಾರ ಜೊತೆ, ಯಾವ ಊರಿಗೆ, ಉಚಲ್ ಎಷ್ಟು, ಮುಕಾದಮನ ಫೋನ್ ನಂಬರ್, ಗಾಡಿ ನಂಬರ್. ಅಂಗನವಾಡಿ ಕಾರ್ಯಕರ್ತೆ, ಆಶಾ, ಹೆಡ್‌ಮಾಸ್ತರು, ಸ್ತ್ರೀಶಕ್ತಿ ಸಂಘದ ಒಬ್ಬಾಕೆ ಕೂತರೆ ಎರಡು ಸಂಜೆಯ ಕೆಲಸ. ಹದಿನೈದು ದಿನಕ್ಕೊಮ್ಮೆ ಹೋದವರಿಗೆ ಒಂದು ಫೋನ್. ಎತ್ತದಿದ್ದರೆ, ಅಥವಾ ಎತ್ತಿದವನು ಮುಕಾದಮನೇ ಆಗಿದ್ದರೆ, ಅವತ್ತೇ ಪೊಲೀಸರ ತುರ್ತು ನಂಬರ್ 112. ಮಕ್ಕಳಿದ್ದರೆ ಮಕ್ಕಳ ಸಹಾಯವಾಣಿ 1098. ಸಿಕ್ಕವರಿಗೆ ಜೀತದಿಂದ ಬಿಡುಗಡೆಯಾದ ಪ್ರಮಾಣಪತ್ರ ಕೊಡಬೇಕಾದವರು ಸಿಕ್ಕ ಊರಿನ ಅಧಿಕಾರಿಗಳು. ಸರ್ಕಾರದ ತಕ್ಷಣದ ನೆರವು ಈಗ 30,000 ರೂಪಾಯಿವರೆಗೆ ಇದೆ, ಆದರೆ ಪತ್ರವಿಲ್ಲದೆ ಬರಿಗೈಲಿ ಊರಿಗೆ ಬಂದವನಿಗೆ ಅದು ಸಿಗುವ ದಾರಿ ಬಲು ಕಷ್ಟ. ಅಲ್ಲಿಯ ತಹಸೀಲ್ದಾರರ ಬೆನ್ನು ಬೀಳಲು ಊರ ರಿಜಿಸ್ಟರಿನ ಒಂದು ಪುಟವೇ ಸಾಕ್ಷಿ.

ಹೊರನಾಡಿನಲ್ಲಿ ಇರುವ ನಮಗೂ ಪಾಲಿದೆ. ಹೈದರಾಬಾದಿನ ಕನ್ನಡಿಗರಿಗೆ ಕಾಚಿಗೂಡದಲ್ಲಿ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ನವೆಂಬರಿನಲ್ಲಿ ರಾಜ್ಯೋತ್ಸವ ಜೋರು. ಅದೇ ನವೆಂಬರಿನಲ್ಲೇ ವಾಡಿ, ಸೇಡಂ, ತಾಂಡೂರಿನ ರೈಲಿನಿಂದ ನಮ್ಮವರು ಲಿಂಗಂಪಲ್ಲಿಯಲ್ಲಿ ಚೀಲ ಹೊತ್ತು ಇಳಿಯುತ್ತಾರೆ. ರಕ್ಷಣೆಯಾದ ಹುಡುಗನನ್ನು ಊರು ಯಾವುದೆಂದು ಕೇಳಿದರೆ “ಸೇಡಂ ಬಸ್ ಇಳದು ಹಳ್ಳ ದಾಟಿ ನಡೀಬೇಕ್ರಿ” ಅನ್ನುತ್ತಾನೆ. ಇಲ್ಲಿಯ ಅಧಿಕಾರಿಗೆ ಅದು ವಿಳಾಸವಲ್ಲ. ಆ ಕಡೆಯವನು ಪಕ್ಕದಲ್ಲಿದ್ದರೆ ಐದು ನಿಮಿಷದಲ್ಲಿ ತಾಂಡಾದ ಹೆಸರು ಹೇಳಿ ಪಿಡಿಒಗೆ ಫೋನ್ ಹಚ್ಚುತ್ತಾನೆ. ಯಾದಗಿರಿ, ಕಲಬುರಗಿ, ಬೀದರ್ ಮೂರೂ ಜಿಲ್ಲೆಯ ಹಳ್ಳಿ ಬಲ್ಲವರ ಹೆಸರು, ನಂಬರ್ ಬರೆದು ನಮ್ಮ ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಜನವರಿಯ ತಂಡದವರಿಗೆ ಅದು ಡಿಸೆಂಬರಿನಲ್ಲೇ ಮುಟ್ಟಬೇಕು. ರಾಜ್ಯೋತ್ಸವದ ಹಾರ-ಶಾಲಿನ ಲೆಕ್ಕ ಮುಗಿದ ಮೇಲೆ ನೋಡೋಣ ಎಂದಿದ್ದಾರೆ.