ಅಪ್ಪನ ಸೈಟಿಗೆ ಸರ್ಕಾರ ಮತ್ತೊಮ್ಮೆ ಶುಲ್ಕ ಕೇಳುತ್ತಿದೆ

ರಿಯಲ್ ಎಸ್ಟೇಟ್ ಹೂಡಿಕೆದಾರ ಎಂದೊಡನೆ ಅನೇಕರಿಗೆ ನೆನಪಾಗುವುದು ದೊಡ್ಡ ಕಾರಿನಲ್ಲಿ ಬಂದಿಳಿಯುವ ಕುಳ. ನನಗೆ ನೆನಪಾಗುವವರು ನನ್ನ ಅಪ್ಪ. 2003ರಲ್ಲಿ ಅಮ್ಮನ ಸರ ಅಡವಿಟ್ಟು, ಭವಿಷ್ಯನಿಧಿಯಿಂದ ಸಾಲ ತೆಗೆದು, ಬೆಂಗಳೂರಿನ ಮಹದೇವಪುರದ ಆಚೆಯ ಹಳ್ಳಿಯೊಂದರಲ್ಲಿ 30–40ರ ಸೈಟು ಕೊಂಡರು. ಮಕ್ಕಳ ಕಷ್ಟಕಾಲಕ್ಕೆ ಆದೀತು ಎಂಬ ಲೆಕ್ಕ. ಅವರು ಬದುಕಿನಲ್ಲಿ ಮಾಡಿದ ಹೂಡಿಕೆ ಅದೊಂದೇ.

ಅದು ರೆವಿನ್ಯೂ ಸೈಟು. ಭೂ ಪರಿವರ್ತನೆ ಮಾಡಿಸದೆ, ಬಡಾವಣೆ ನಕ್ಷೆಗೆ ಮಂಜೂರಾತಿ ಪಡೆಯದೆ, ಹೊಲವನ್ನು ತುಂಡು ಮಾಡಿ ಮಾರಿದ್ದು. ಅಪ್ಪನಿಗೆ ಇದು ತಿಳಿಯುವುದಾದರೂ ಹೇಗೆ? ಉಪನೋಂದಣಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಂಡರು, ಕ್ರಯಪತ್ರದ ಪುಟಪುಟಕ್ಕೂ ಮೊಹರು ಒತ್ತಿದರು. ನಮ್ಮ ಕಾನೂನಿನಲ್ಲಿ ನೋಂದಣಿಯಾಗುವುದು ಪತ್ರ ಮಾತ್ರ, ಒಡೆತನಕ್ಕೆ ಸರ್ಕಾರ ಖಾತರಿ ಕೊಡುವುದಿಲ್ಲ ಎಂದು ಆ ಕಿಟಕಿಯ ಹಿಂದೆ ಕುಳಿತವರು ಯಾರೂ ಹೇಳಲಿಲ್ಲ. ಅಪ್ಪನ ಪಾಲಿಗೆ ಮೊಹರು ಬಿತ್ತೆಂದರೆ ಸರ್ಕಾರ ಒಪ್ಪಿತೆಂದೇ ಅರ್ಥ.

2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಪಾಲಿಕೆ (ಬಿಬಿಎಂಪಿ) ರಚನೆಯಾಯಿತು. ನಮ್ಮ ಸೈಟು ಬಿ-ಖಾತೆಗೆ, ಅಂದರೆ ಮಂಜೂರಾತಿ ಇಲ್ಲದ ಆಸ್ತಿಗಳ ಪಟ್ಟಿಗೆ ಸೇರಿತು. ತೆರಿಗೆ ಬೇಕು, ಆದರೆ ಮನೆ ಕಟ್ಟಲು ನಕ್ಷೆ ಮಂಜೂರಾಗದು. ಅಪ್ಪ ಪ್ರತಿ ಏಪ್ರಿಲ್‌ನಲ್ಲಿ ಶೇ 5ರ ರಿಯಾಯಿತಿ ತಪ್ಪಬಾರದೆಂದು ಮೊದಲ ವಾರವೇ ತೆರಿಗೆ ಕಟ್ಟಿ, ರಸೀದಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ದಿನಾಂಕ ಬರೆದು, ಹಳೆಯ ಸೀರೆ ಡಬ್ಬಿಯಲ್ಲಿ ಇಡುತ್ತಾ ಬಂದರು. ಇಂಥ ಸೈಟುಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಅಕ್ರಮ-ಸಕ್ರಮ ಯೋಜನೆ ಬಂದಾಗ ಆಸೆ ಹುಟ್ಟಿತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಡಬ್ಬಿಗೆ ರಸೀದಿಗಳು ಸೇರುತ್ತಲೇ ಹೋದವು.

ತಂಗಿಗೆ ಹಣ ಬೇಕಾದಾಗ ಮಾರಲು ಹೊರಟೆವು. ಬೆಲೆ ಕುದುರಿತು, ಮುಂಗಡದ ಮಾತೂ ಆಯಿತು. ಕೊಳ್ಳುವವರ ಬ್ಯಾಂಕು ಬಿ-ಖಾತೆ ಎಂದೊಡನೆ ಸಾಲ ಕೊಡಲು ಒಪ್ಪಲಿಲ್ಲ. ಅವರು ಹಿಂದೆ ಸರಿದರು. ಅವತ್ತು ರಾತ್ರಿ ಅಪ್ಪ ಊಟಕ್ಕೆ ಏಳಲಿಲ್ಲ.

ಈಗ 2025ರ ಅಕ್ಟೋಬರಿನ ಘೋಷಣೆಗೆ ಬರುತ್ತೇನೆ. ತಾನೇ ನಿಗದಿ ಮಾಡಿದ ಮಾರ್ಗಸೂಚಿ ದರದ ಶೇ 5 ಕಟ್ಟಿದರೆ ಬಿ-ಖಾತೆಯನ್ನು ಎ-ಖಾತೆ, ಅಂದರೆ ಸಕ್ರಮ ಆಸ್ತಿಯ ಖಾತೆ, ಮಾಡಿಕೊಡುತ್ತೇವೆ ಎಂದಿತು ಸರ್ಕಾರ. ಚದರಡಿಗೆ 4,000 ರೂಪಾಯಿ ದರವಿದ್ದರೆ 1,200 ಚದರಡಿಗೆ 48 ಲಕ್ಷ, ಅದರ ಶೇ 5 ಎಂದರೆ 2.4 ಲಕ್ಷ. ದಾರಿ ತೆರೆದದ್ದಕ್ಕೆ ನನಗೆ ನಿಜವಾಗಿಯೂ ಸಂತೋಷವಿದೆ. ಆದರೆ ಹೊಲ ಕೊಯ್ದು ಮಾರಿ ಲಾಭ ಎಣಿಸಿಕೊಂಡವನು ಒಂದು ಕಾಸೂ ಕೊಡಬೇಕಿಲ್ಲ, ಮೊಹರು ಒತ್ತಿದ ಕಚೇರಿಯನ್ನು ಯಾರೂ ಕೇಳುವುದಿಲ್ಲ, ಇಪ್ಪತ್ತೆರಡು ವರ್ಷ ತೆರಿಗೆ ಕಟ್ಟಿದವನೇ ದಂಡ ತೆರಬೇಕು. ಇದು ನ್ಯಾಯವೆಂದು ನಾನು ಒಪ್ಪಲಾರೆ. ಕನಿಷ್ಠ ಅಪ್ಪನಂತಹವರು ಕಟ್ಟಿದ ಮುದ್ರಾಂಕ ಶುಲ್ಕವನ್ನಾದರೂ ಈ ಮೊತ್ತದಲ್ಲಿ ವಜಾ ಮಾಡಬೇಕು.

ಸರ್ಕಾರದ ನೀತಿಯೆಲ್ಲವೂ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ನೋಂದಣಿಗೆ ಇ-ಖಾತೆ (ಆಸ್ತಿ ಖಾತೆಯ ಡಿಜಿಟಲ್ ದಾಖಲೆ) ಕಡ್ಡಾಯ ಮಾಡಿದ್ದು ಜನರನ್ನು ಅಲೆದಾಡಿಸಿತು ನಿಜ, ಆದರೂ ನಾನು ಅದರ ಪರ. 2003ರಲ್ಲೇ ಇಂಥದ್ದೊಂದು ಜರಡಿ ಇದ್ದಿದ್ದರೆ ಅಪ್ಪನ ಹಣ ಉಳಿಯುತ್ತಿತ್ತು. ಕೂಗಿದರೆ ಕೇಳಿಸಿಕೊಂಡ ಉದಾಹರಣೆಯೂ ಇದೆ: 2024ರ ಜುಲೈನ ಕೇಂದ್ರ ಬಜೆಟ್ಟಿನಲ್ಲಿ ಆಸ್ತಿ ಮಾರಾಟದ ಲಾಭದ ತೆರಿಗೆಯಿಂದ ಹಣದುಬ್ಬರದ ಹೊಂದಾಣಿಕೆಯನ್ನು ತೆಗೆದರು. ಗದ್ದಲವೆದ್ದು, ಎರಡು ವಾರದಲ್ಲೇ ಹಳೆಯ ಆಸ್ತಿಗಳಿಗೆ ಹಳೆಯ ಲೆಕ್ಕವನ್ನೇ ಆರಿಸಿಕೊಳ್ಳುವ ಅವಕಾಶ ಕೊಟ್ಟರು. ಬಿ-ಖಾತೆಯವರ ಕೂಗು ಅಷ್ಟು ದೂರ ತಲುಪುವುದಿಲ್ಲ. ಮೇಲಾಗಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2 ಆಗಿದೆ. ನಮ್ಮದನ್ನು ಕೊಳ್ಳಲು ಬರುವವರು ಅದನ್ನೂ ಬೆಲೆಯಲ್ಲೇ ಕಡಿಸುತ್ತಾರೆ.

ಅಪ್ಪ ಅರ್ಜಿಗೆಂದು ರಸೀದಿಗಳನ್ನು ವರ್ಷವಾರು ಜೋಡಿಸಿದ್ದಾರೆ. 2009ರದ್ದು ಸಿಕ್ಕಿಲ್ಲ, ಮೂರು ದಿನದಿಂದ ಹುಡುಕುತ್ತಿದ್ದಾರೆ. ಒಂದು ವರ್ಷದ ರಸೀದಿ ಇಲ್ಲದೆಯೂ ಎ-ಖಾತೆ ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.