ಓನರ್ ಮನೆ ನೋಡೋಕೆ ಬರ್ತಾರಂತೆ!

"ನಾಳೆ ಹತ್ತು ಗಂಟೆಗೆ ಬರ್ತೀನಿ, ಮನೆ ಒಂದ್ಸಲ ನೋಡ್ಬೇಕು" ಅಂತ ಓನರ್ ಮೆಸೇಜ್ ಬಂದ್ರೆ ಏನಾಗುತ್ತೆ ಅಂತ ಬಾಡಿಗೆ ಮನೇಲಿ ಇದ್ದೋರಿಗೇ ಗೊತ್ತು. ನಾನು 14 ವರ್ಷ ಬಾಡಿಗೆಗಿದ್ದೋಳು. ಮೆಸೇಜ್ ಬಂದ ರಾತ್ರಿನೇ ಬಾಗಿಲ ಹಿಂದೆ ನೇತಾಕಿದ್ದ ಬಟ್ಟೆ ಎಲ್ಲಾ ತೆಗ್ದು, ಗೋಡೆ ಮೇಲಿನ ಪೆನ್ಸಿಲ್ ಗೀಚು ರಬ್ಬರಲ್ಲಿ ಉಜ್ಜಿ, ಸೀಳು ಬಿಟ್ಟಿದ್ದ ವಾಶ್‌ಬೇಸಿನ್ ಮುಂದೆ ಬ್ರಷ್ ಸ್ಟ್ಯಾಂಡ್ ಇಟ್ಟು ಮರೆ ಮಾಡ್ತಿದ್ವಿ. ಆ ಸೀಳು ನಾವು ಬರೋಕ್ ಮುಂಚೆನೇ ಇತ್ತು ಮಾರಾಯ್ರೇ! ಆದ್ರೂ ಮುಚ್ತಿದ್ವಿ, ಅಡ್ವಾನ್ಸಲ್ಲಿ ಹಿಡ್ಕೊಂಡ್ರೆ ಯಾರನ್ನ ಕೇಳೋದು ಅನ್ನೋ ಭಯಕ್ಕೆ.

ಈಗ ನಂದೇ ಒಂದು ಸಣ್ಣ ಮನೆ ಬಾಡಿಗೆಗೆ ಕೊಟ್ಟಿದೀನಿ. ಅಷ್ಟೆಲ್ಲಾ ಅನುಭವಿಸಿದೋಳು ಒಳ್ಳೆ ಓನರ್ ಆಗ್ಬೇಕಿತ್ತು ತಾನೇ? ಆಗ್ಲಿಲ್ಲ. ಮೊದಲ ಸಲ ಮನೆ ನೋಡೋಕೆ ಹೋದಾಗ ಹಾಲ್‌ಗೆ ಕಾಲಿಟ್ಟ ತಕ್ಷಣ ನನ್ ಬಾಯಿಂದ ಬಂದಿದ್ದು "ಅಯ್ಯೋ, ಗೋಡೆಗೆ ಇಷ್ಟೊಂದು ಮೊಳೆ ಹೊಡ್ದಿದೀರಾ" ಅಂತ. ಅಷ್ಟೇ ಅಂದಿದ್ದು, ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಹಂಗೇ ಒಂದು ಕಣ್ಣಾಡಿಸಿ, ಎಲ್ಲಾ ಚೆನ್ನಾಗಿದೆ ಅಲ್ವಾ ಅಂದೆ, ಬಾಡಿಗೆಗಿರೋ ಹುಡುಗಿ ಹೂಂ ಅಕ್ಕಾ ಅಂದ್ಳು, ಬಂದ್ಬಿಟ್ಟೆ.

ಎಂಟು ತಿಂಗಳಾದ್ಮೇಲೆ ಕೆಳಗಿನ ಮನೆಯೋರು ಫೋನ್ ಮಾಡಿದ್ರು, ಸೀಲಿಂಗ್‌ನಲ್ಲಿ ಕಂದು ಬಣ್ಣದ ರಿಂಗ್ ಬಂದಿದೆ ಅಂತ. ಹೋಗಿ ಸಿಂಕ್ ಕೆಳಗಿನ ಬಾಗಿಲು ತೆಗೆದ್ರೆ ಒಂದು ಸ್ಟೀಲ್ ಬೋಗುಣಿ. ವೇಸ್ಟ್ ಪೈಪ್ ಬೆಂಡ್‌ನಲ್ಲಿ ನಟ್ ಸಡಿಲ ಆಗಿ ತೊಟ್ಟು ತೊಟ್ಟಾಗಿ ಬೀಳ್ತಿತ್ತು, ಆ ಹುಡುಗಿ ದಿನಾ ಸಂಜೆ ಆಫೀಸಿಂದ ಬಂದು ಬೋಗುಣಿ ಖಾಲಿ ಮಾಡಿ ವಾಪಸ್ ಇಡ್ತಿದ್ಳಂತೆ, ಎರಡು ದಿನ ಊರಿಗೆ ಅಂತ ಹೋದಾಗ ತಂಗಿ ಮನೇಲಿದ್ಳು, ಅವಳಿಗೆ ಇದು ಗೊತ್ತಿಲ್ಲ, ಬೋಗುಣಿ ತುಂಬಿ ಹರಿದಿದೆ. ಕೆಳಗಿನ ಪ್ಲೈವುಡ್ ಉಬ್ಬಿ ಬೆರಳಿಟ್ರೆ ಒಳಗೆ ಹೋಗ್ತಿತ್ತು, ಪದರ ಪದರ ಬಿಟ್ಕೊಂಡು, ಹಿಂದುಗಡೆ ಮೂಲೇಲಿ ಕಪ್ಪು ಬೂಷ್ಟು. "ಯಾಕಮ್ಮಾ ಹೇಳ್ಲಿಲ್ಲ" ಅಂದೆ. "ಮೊಳೆಗೇ ಅಷ್ಟು ಬೇಜಾರ್ ಮಾಡ್ಕೊಂಡ್ರಲ್ಲ ಅಕ್ಕಾ, ಇದನ್ನ ಹೇಳಿದ್ರೆ ನಾನೇ ಹಾಳು ಮಾಡಿದೀನಿ ಅಂತೀರೇನೋ ಅನ್ಕೊಂಡೆ" ಅಂದ್ಳು.

ಏನ್ ಉತ್ತರ ಕೊಡೋದು ಹೇಳಿ.

ಕೈಯಲ್ಲಿ ತಿರುಗಿಸಿದ್ರೆ ಟೈಟ್ ಆಗೋ ನಟ್ ಅದು, ಹೆಚ್ಚಂದ್ರೆ ಒಂದು ವಾಷರ್. ನಾನು ಮೊಳೆ ಎಣಿಸೋ ಬದ್ಲು ಒಂದ್ಸಲ ಬಗ್ಗಿದ್ದಿದ್ರೆ ಕಾಣ್ತಿತ್ತು. ಅವತ್ತಿಂದ ನಾನು ಮನೆ ನೋಡೋಕೆ ಹೋದ್ರೆ ಮೊದಲು ನೀರು ನೋಡ್ತೀನಿ. ಮನೆ ಹಾಳಾಗೋದು ಮೊಳೆಯಿಂದಲ್ಲ ಸ್ವಾಮೀ, ನೀರಿಂದ. ಸೆಕೆಂಡಿಗೆ ಒಂದು ಹನಿ ಅಂದ್ರೆ ದಿನಕ್ಕೆ 20 ಲೀಟರ್ ಹತ್ರ ಆಗುತ್ತೆ, ಒದ್ದೆ ಆದ ಮರ, ಗೋಡೆ 24ರಿಂದ 48 ಗಂಟೆ ಒಳಗೆ ಒಣಗದಿದ್ರೆ ಬೂಷ್ಟು ಶುರುವಾಗಬಹುದು.

ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರ್ತಿರುತ್ತೆ, ಯಾರಿಗೂ ಗೊತ್ತಾಗಲ್ಲ. ಟ್ಯಾಂಕ್ ಒಳಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡ್ದೆ 15 ನಿಮಿಷ ಬಿಟ್ಟು ನೋಡಿ, ಕಮೋಡ್‌ನಲ್ಲಿ ಬಣ್ಣ ಕಂಡ್ರೆ ಒಳಗಿನ ರಬ್ಬರ್ ಹೋಗಿದೆ ಅಂತ. ಮನೆಗೆ ನೀರಿನ ಮೀಟರ್ ಇದ್ರೆ ಇನ್ನೂ ಸುಲಭ, ಎಲ್ಲಾ ನಲ್ಲಿ ಬಂದ್ ಮಾಡಿ ಒಂದು ಗಂಟೆ ಬಿಟ್ಟು ನೋಡಿದಾಗ ಮೀಟರ್ ಓಡಿದ್ರೆ ಎಲ್ಲೋ ಲೀಕ್ ಇದೆ. ಬಾತ್‌ರೂಮ್ ಗೋಡೆಯ ಆಚೆ ಬದಿ, ಅಂದ್ರೆ ಬೆಡ್‌ರೂಮ್ ಕಡೆ ಪೇಂಟ್ ಉಬ್ಬಿ ಬಿಳಿ ಉಪ್ಪಿನ ಪುಡಿ ಉದುರ್ತಿದ್ರೆ ಅಲ್ಲಿ ಪೇಂಟ್ ಹೊಡ್ಸಿ ಪ್ರಯೋಜನ ಇಲ್ಲ, ಒಳಗಡೆ ಟೈಲ್ಸ್ ಸಂದಿ, ಪೈಪ್ ನೋಡ್ಬೇಕು. ಗೀಸರ್ ಟ್ಯಾಂಕ್ ತುಕ್ಕು ಹಿಡೀದೆ ಇರ್ಲಿ ಅಂತ ಒಳಗೆ ಮೆಗ್ನೀಸಿಯಂ ರಾಡ್ ಒಂದು ಹಾಕಿರ್ತಾರೆ, ಟ್ಯಾಂಕ್ ಬದ್ಲು ಅದು ಸವೀತಾ ಹೋಗುತ್ತೆ, ಅದು ಪೂರ್ತಿ ಕರಗಿದ್ಮೇಲೆ ಟ್ಯಾಂಕಿಗೇ ತುಕ್ಕು ಶುರು, ಸರ್ವಿಸ್‌ಗೆ ಬಂದೋರಿಗೆ ಅದನ್ನ ಬಿಚ್ಚಿ ತೋರ್ಸೋಕೆ ಹೇಳಿ. ಕರೆಂಟ್ ಬೋರ್ಡಲ್ಲಿ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಕಟ್ ಮಾಡೋ ಸ್ವಿಚ್) ಇದ್ರೆ ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತೆ, ಒತ್ತಿದ್ರೆ ಟ್ರಿಪ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಮಿಕ್ಕಿದ್ದೆಲ್ಲಾ ಬಿಟ್ಟು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, ಅದು ಜೀವದ ವಿಷ್ಯ. (ಒತ್ತೋಕ್ ಮುಂಚೆ ಒಳಗೆ ಯಾರಾದ್ರೂ ಲ್ಯಾಪ್‌ಟಾಪಲ್ಲಿ ಮೀಟಿಂಗಲ್ಲಿದಾರಾ ಕೇಳಿ. ನಾನು ಕೇಳಿರ್ಲಿಲ್ಲ, ವೈಫೈ ಹೋಯ್ತು.)

ಮೀಟರ್‌ಗೆ ಕಾಯೋ ಒಂದು ಗಂಟೆ ಬಿಟ್ರೆ ಇಷ್ಟಕ್ಕೂ ಅರ್ಧ ಗಂಟೆ ಸಾಕು. ಬಟ್ಟೆ ಬೀರು ತೆಗೆಯೋ ಅವಶ್ಯಕತೆ ಎಲ್ಲೂ ಇಲ್ಲ. ಹಾಸಿಗೆ ಮಡ್ಚಿದಾರಾ, ಪಾತ್ರೆ ತೊಳ್ದಿದಾರಾ, ಯಾರು ಬಂದಿದ್ರು, ಇದ್ಯಾವುದೂ ಮೇಂಟೆನೆನ್ಸ್ ಅಲ್ಲ. ಲೀಕ್ ಇದ್ದ ಜಾಗದ ಫೋಟೋ ತೆಗೀರಿ, ಆದ್ರೆ ಕೇಳಿ ತೆಗೀರಿ, ಅವ್ರ ಮಂಚ, ಅವ್ರ ಮಕ್ಕಳು ಆ ಫೋಟೋಲಿ ಯಾಕೆ ಬರ್ಬೇಕು?

"ನನ್ ಮನೆ, ನಾನು ಯಾವಾಗ ಬೇಕಾದ್ರೂ ಹೋಗ್ತೀನಿ" ಅನ್ನೋರು ಕಮೆಂಟಲ್ಲಿ ಬರ್ತೀರ, ಗೊತ್ತು ನಂಗೆ. ಬಾಡಿಗೆ ತಗೊಂಡ್ಮೇಲೆ ಅದು ನಿಮ್ಮ ಆಸ್ತಿ, ಅವ್ರ ಮನೆ. ಇಂಗ್ಲೆಂಡಲ್ಲಿ ರಿಪೇರಿ ನೋಡೋಕೆ ಹೋಗ್ಬೇಕಂದ್ರೂ 24 ಗಂಟೆ ಮುಂಚೆ ಬರೆದು ತಿಳಿಸ್ಬೇಕು. ನ್ಯೂಜಿಲೆಂಡಲ್ಲಿ ಇನ್‌ಸ್ಪೆಕ್ಷನ್‌ಗೆ 48 ಗಂಟೆ, ಅದೂ ನಾಲ್ಕು ವಾರಕ್ಕೆ ಒಂದ್ಸಲಕ್ಕಿಂತ ಹೆಚ್ಚು ಹೋಗಂಗಿಲ್ಲ. ನಮ್ಮ ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಲೂ 24 ಗಂಟೆ ಮುಂಚೆ ನೋಟಿಸ್, ಸೂರ್ಯ ಹುಟ್ಟೋಕ್ ಮುಂಚೆ, ಮುಳುಗಿದ ಮೇಲೆ ಹೋಗ್ಬಾರ್ದು ಅಂತಾನೇ ಇರೋದು. ಪೈಪ್ ಒಡೆದಿದೆ, ಬೆಂಕಿ ಬಿದ್ದಿದೆ ಅಂದ್ರೆ ಅದು ಬೇರೆ ಮಾತು.

ಬಾಡಿಗೆಗಿರೋರಿಗೂ ಒಂದ್ ಮಾತು, ಬೋಗುಣಿ ಇಡ್ಬೇಡಿ, ಮೆಸೇಜ್ ಹಾಕಿ. ಫೋನಲ್ಲಿ ಹೇಳಿದ್ರೂ ಆಮೇಲೆ ಫೋಟೋ ಸಮೇತ ಮೆಸೇಜ್ ಹಾಕಿಡಿ, ಅಡ್ವಾನ್ಸ್ ವಾಪಸ್ ಕೇಳೋ ದಿನ ಆ ತಾರೀಖು ನಿಮ್ಮ ಪರವಾಗಿ ಮಾತಾಡುತ್ತೆ.

ನಾನೀಗ ಆರು ತಿಂಗಳಿಗೆ ಒಂದ್ಸಲ ಹೋಗ್ತೀನಿ, ಒಂದು ವಾರ ಮುಂಚೆ ಯಾವ ದಿನ ಆಗುತ್ತಮ್ಮಾ ಅಂತ ಕೇಳಿ. ಹೋದ ಸಲ ಅವಳೇ ಚೀಟಿ ಬರೆದಿಟ್ಟಿದ್ಳು, ಮೂರು ಕೆಲಸ. ಫ್ಲಶ್ ರಬ್ಬರ್ ಆಯ್ತು, ಅಡುಗೆಮನೆ ಸ್ವಿಚ್ ಆಯ್ತು. ಬಾಲ್ಕನಿ ಬಾಗಿಲ ಚಿಲಕ ಇನ್ನೂ ಆಗಿಲ್ಲ, ನಿನ್ನೆ ಬೆಳಗ್ಗೆ ಮತ್ತೆ "ಅಕ್ಕಾ, ಚಿಲಕ" ಅಂತ ಎರಡೇ ಪದದ ಮೆಸೇಜ್ ಹಾಕಿದಾಳೆ, ಕಾರ್ಪೆಂಟರ್ ಫೋನ್ ಎತ್ತುತ್ತಿಲ್ಲ.